65,536ನೆಯ ಸಾಲಿನ ಆಚೆ

2020ರ ಸೆಪ್ಟೆಂಬರ್ ಕೊನೆಯ ವಾರ. ಇಂಗ್ಲೆಂಡಿನಲ್ಲಿ ಕೋವಿಡ್ ಮತ್ತೆ ಏರುಮುಖದಲ್ಲಿತ್ತು. ಪ್ರಯೋಗಾಲಯಗಳಿಂದ ಬಂದ ಪರೀಕ್ಷಾ ಫಲಿತಾಂಶಗಳನ್ನು ಅಲ್ಲಿನ ‘ಪಬ್ಲಿಕ್ ಹೆಲ್ತ್ ಇಂಗ್ಲೆಂಡ್’ ಸಂಸ್ಥೆ ಎಕ್ಸೆಲ್ ಫೈಲುಗಳಿಗೆ ತುಂಬಿಸಿ ಮುಂದಕ್ಕೆ ಕಳಿಸುತ್ತಿತ್ತು. ತುಂಬಿಸುತ್ತಿದ್ದದ್ದು ಮನುಷ್ಯರಲ್ಲ, ತಾನಾಗಿ ನಡೆಯುವ ಒಂದು ವ್ಯವಸ್ಥೆ. ಅದು ಬಳಸುತ್ತಿದ್ದದ್ದು ‘ಎಕ್ಸ್‌ಎಲ್‌ಎಸ್’ ಎಂಬ ಹಳೆಯ ಮಾದರಿಯ ಫೈಲು. ಆ ಮಾದರಿಯಲ್ಲಿ ಒಂದು ಶೀಟಿಗೆ 65,536 ಸಾಲು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಒಬ್ಬೊಬ್ಬರ ಫಲಿತಾಂಶಕ್ಕೂ ಹಲವು ಸಾಲು ಬೇಕಿದ್ದುದರಿಂದ ಸುಮಾರು 1,400 ಮಂದಿಗೇ ಫೈಲು ಭರ್ತಿಯಾಗುತ್ತಿತ್ತು. ಆಮೇಲೆ ಬಂದವರು ಶೀಟಿನ ಕೆಳಗೆ ಬಿದ್ದುಹೋದರು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೆ ದೈನಂದಿನ ಲೆಕ್ಕದಿಂದ ಜಾರಿದ ಸೋಂಕಿತರು 15,841. ಅವರ ಜೊತೆ ಒಡನಾಡಿದವರನ್ನು ಹುಡುಕಿ ಎಚ್ಚರಿಸುವ ಕೆಲಸ ಅಷ್ಟು ದಿನ ತಡವಾಯಿತು.

65,536 ಎಂಬುದು ಎಕ್ಸೆಲ್ 97ರ ಕಾಲದ ಗಡಿ. ಎಕ್ಸೆಲ್ 2007 ಬಂದಾಗ ಅದು 10,48,576ಕ್ಕೆ ಏರಿತ್ತು. ಅಂದರೆ ಹದಿಮೂರು ವರ್ಷದಿಂದ ಪಕ್ಕದಲ್ಲೇ ದೊಡ್ಡ ಮನೆ ಖಾಲಿ ಇತ್ತು. ಸಾಮಾನು ಸಾಗಿಸುವ ಕೆಲಸಗಾರನಿಗೆ ಮಾತ್ರ ಹಳೆಯ ಮನೆಯ ವಿಳಾಸವೇ ಗೊತ್ತಿತ್ತು.

ಹೊಸ ಕಂಪ್ಯೂಟರ್ ತಂದು ಹಳೆಯ ಎಕ್ಸೆಲ್ ಫೈಲು ತೆರೆಯುವ ಪ್ರತಿ ಕಚೇರಿಯಲ್ಲೂ ಈ ಕಥೆಯ ಒಂದು ಪುಟ್ಟ ಆವೃತ್ತಿ ನಡೆಯುತ್ತದೆ. ಸಂಬಳದ ಪಟ್ಟಿ, ಸೊಸೈಟಿಯ ಬಡ್ಡಿ ಲೆಕ್ಕ, ಶಾಲೆಯ ಅಂಕಪಟ್ಟಿ, ಗೋದಾಮಿನ ದಾಸ್ತಾನು ಯಾವುದೇ ಇರಲಿ, ಶೀಟಿನ ಮೂಲೆಯಲ್ಲೊಂದು ಬಟನ್ ಇರುತ್ತದೆ. ಒತ್ತಿದರೆ ಎರಡು ಗಂಟೆಯ ಕೆಲಸ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಆ ಬಟನ್ ಹಿಂದಿರುವುದೇ ಮ್ಯಾಕ್ರೊ. ಬರೆದವರು ನಿವೃತ್ತರಾಗಿಯೋ ಕೆಲಸ ಬಿಟ್ಟೋ ಹೋಗಿರುತ್ತಾರೆ. ಹೊಸ ಯಂತ್ರದಲ್ಲಿ ಬಟನ್ ಒತ್ತಿದರೆ ಇಂಗ್ಲಿಷಿನ ಒಂದು ಉದ್ದ ಸಂದೇಶ ಎದ್ದು ನಿಲ್ಲುತ್ತದೆ. ಹಾಗೆ ಸಂದೇಶ ಬಂದರೆ ಅದು ಅದೃಷ್ಟ. ಏನೂ ಹೇಳದೆ ತಪ್ಪು ಲೆಕ್ಕ ಕೊಡುವ ಮ್ಯಾಕ್ರೊಗೆ ಹೋಲಿಸಿದರೆ, ಕೂಗಿಕೊಂಡು ನಿಂತುಬಿಡುವ ಮ್ಯಾಕ್ರೊ ಬಹಳ ಪ್ರಾಮಾಣಿಕ.

ಕೀಲಿಯ ನೆನಪು

ಮ್ಯಾಕ್ರೊ ಹುಟ್ಟಿದ್ದು ಸೋಮಾರಿತನಕ್ಕೆ ಔಷಧಿಯಾಗಿ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಆಪಲ್ 2 ಕಂಪ್ಯೂಟರಿಗೆ ಲೆಕ್ಕದ ಹಾಳೆಯನ್ನು ತಂದಿತು. 1983ರ ಲೋಟಸ್ 1-2-3 ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಳಸುವವರು ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತುತ್ತಾರೋ ಅದನ್ನೇ ಸೆಲ್‌ಗಳಲ್ಲಿ ಬರೆದಿಟ್ಟು ಮತ್ತೆ ಓಡಿಸುವ ಸೌಕರ್ಯ ಕೊಟ್ಟಿತು. ಎಕ್ಸೆಲ್‌ಗೂ ಮೊದಲು ಇಂಥದ್ದೇ ಒಂದು ಮ್ಯಾಕ್ರೊ ಶೀಟಿನ ಭಾಷೆ ಇತ್ತು. 1993ರಲ್ಲಿ ಎಕ್ಸೆಲ್ 5ರ ಜೊತೆ ಬಂದದ್ದು ವಿಷುವಲ್ ಬೇಸಿಕ್ ಫಾರ್ ಅಪ್ಲಿಕೇಷನ್ಸ್, ಎಲ್ಲರ ಬಾಯಲ್ಲಿ ವಿಬಿಎ. ಇಂದು ಕಚೇರಿಗಳಲ್ಲಿ ‘ಮ್ಯಾಕ್ರೊ’ ಎಂದರೆ ಬಹುಪಾಲು ಇದೇ.

ವಿಬಿಎ ಜನಪ್ರಿಯವಾದದ್ದು ಪ್ರೋಗ್ರಾಮರುಗಳಿಂದಲ್ಲ, ಗುಮಾಸ್ತರಿಂದ, ಅಕೌಂಟೆಂಟುಗಳಿಂದ. ‘ರೆಕಾರ್ಡ್ ಮ್ಯಾಕ್ರೊ’ ಒತ್ತಿ, ಒಮ್ಮೆ ಕೈಯಾರೆ ಕೆಲಸ ಮಾಡಿ ತೋರಿಸಿದರೆ ಎಕ್ಸೆಲ್ ತಾನೇ ಪ್ರೋಗ್ರಾಂ ಬರೆದುಕೊಡುತ್ತದೆ. ಉಳಿದದ್ದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸಿಕೊಂಡು ಬಂದದ್ದು. ಅಂಕಿಯನ್ನು ಅಕ್ಷರದಲ್ಲಿ ಬರೆಯುವ ‘ಸ್ಪೆಲ್‌ನಂಬರ್’ ಅದಕ್ಕೆ ಒಳ್ಳೆಯ ಉದಾಹರಣೆ. ಮೈಕ್ರೋಸಾಫ್ಟ್ ಮಾದರಿಯಾಗಿ ಕೊಟ್ಟ ಆ ಕೋಡ್ ಡಾಲರ್, ಸೆಂಟ್, ಮಿಲಿಯನ್ ಎನ್ನುತ್ತದೆ. ಅದನ್ನು ತಿದ್ದಿ ರೂಪಾಯಿ, ಪೈಸೆ, ಲಕ್ಷ, ಕೋಟಿ ಮಾಡಿಕೊಂಡ ರೂಪಗಳು ಭಾರತದ ಲೆಕ್ಕಪತ್ರ ವಿಭಾಗಗಳಲ್ಲಿ ಚೆಕ್ಕು, ವೋಚರುಗಳನ್ನು ಬರೆಯುತ್ತಲೇ ಇವೆ.

ಹೀಗೆ ಬರೆದ ಮ್ಯಾಕ್ರೊದಲ್ಲಿ ಕೆಲಸದ ಕ್ರಮದ ಜೊತೆಗೆ ಆ ದಿನದ ಕಂಪ್ಯೂಟರಿನ ಬಗೆಗಿನ ಊಹೆಗಳೂ ಅಚ್ಚಾಗಿರುತ್ತವೆ. ಶೀಟಿಗೆ ಇಷ್ಟೇ ಸಾಲು, ಈ ಫಾಂಟ್ ಇದ್ದೇ ಇರುತ್ತದೆ, ದಿನಾಂಕದಲ್ಲಿ ಮೊದಲು ಬರುವುದು ದಿನ ಎಂಬಂಥವು. ಹಳೆಯ ಮ್ಯಾಕ್ರೊವನ್ನು ಹೊಸತಿಗೆ ಒಗ್ಗಿಸುವುದೆಂದರೆ ಈ ಊಹೆಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುವುದು.

ಹೆಸರು ಮನೆ ನಂಬರಾದಾಗ

ಮೊದಲನೆಯದು ಸಾಲಿನದೇ. ಪಟ್ಟಿಯ ಕೊನೆಯ ಸಾಲು ಯಾವುದು ಎಂದು ತಿಳಿಯಲು ಹಳೆಯ ಮ್ಯಾಕ್ರೊಗಳು 65,536ನೆಯ ಸಾಲಿನಿಂದ ಮೇಲಕ್ಕೆ ಹತ್ತುತ್ತ ಬರುತ್ತವೆ. ಹೊಸ ಫೈಲಿನಲ್ಲಿ ಒಂದು ಲಕ್ಷ ಸಾಲು ಇದ್ದರೆ ಆ 65,536ರ ಕೆಳಗಿನವು ಅವುಗಳ ಕಣ್ಣಿಗೇ ಬೀಳುವುದಿಲ್ಲ. ಮದ್ದು ಸರಳ: ಅಂಕಿಯನ್ನು ಅಳಿಸಿ ‘ಈ ಶೀಟಿನಲ್ಲಿ ಎಷ್ಟು ಸಾಲಿದೆಯೋ ಅಷ್ಟು’ ಎಂದು ಎಕ್ಸೆಲನ್ನೇ ಕೇಳುವ ‘ರೋಸ್ ಡಾಟ್ ಕೌಂಟ್’ ಬರೆಯಬೇಕು. ಇದರ ಅಣ್ಣತಮ್ಮನಂಥ ಇನ್ನೊಂದು ತೊಂದರೆ ‘ಇಂಟಿಜರ್’. ಸಾಲುಗಳನ್ನು ಎಣಿಸಲು ಈ ಬಗೆಯ ಡಬ್ಬಿ ಇಟ್ಟುಕೊಂಡಿದ್ದರೆ ಅದು 32,767ಕ್ಕೆ ತುಂಬಿ ‘ಓವರ್‌ಫ್ಲೋ’ ಎಂದು ಉಕ್ಕುತ್ತದೆ. ‘ಲಾಂಗ್’ ಎಂದು ಬದಲಾಯಿಸಿದರೆ ಇನ್ನೂರು ಕೋಟಿಗೂ ಮೀರಿ ಎಣಿಸಬಹುದು.

ಕಾಲಂಗಳ ಕಥೆ ಇದಕ್ಕಿಂತ ಸ್ವಾರಸ್ಯ. ಹಳೆಯ ಶೀಟಿನಲ್ಲಿ 256 ಕಾಲಂ. ಕೊನೆಯದರ ಹೆಸರು ‘ಐವಿ’. 2007ರಿಂದ 16,384, ಕೊನೆಯದು ‘ಎಕ್ಸ್‌ಎಫ್‌ಡಿ’. ಅಂದರೆ ಮೂರು ಅಕ್ಷರದ ಕಾಲಂಗಳು ಹುಟ್ಟಿಕೊಂಡವು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ವ್ಯಾಟ್ ಜಾರಿಯಾಯಿತು. ಆಗ ಒಬ್ಬ ಲೆಕ್ಕಿಗರು ತೆರಿಗೆ ದರವಿದ್ದ ಸೆಲ್‌ಗೆ ಇಂಗ್ಲಿಷಿನಲ್ಲಿ ‘ವ್ಯಾಟ್2005’ ಎಂದು ಹೆಸರಿಟ್ಟರು ಎಂದುಕೊಳ್ಳೋಣ. ಆ ದಿನ ಅದು ಬರಿಯ ಹೆಸರು. ಹೊಸ ಎಕ್ಸೆಲ್‌ನಲ್ಲಿ ಅದು ವಿ-ಎ-ಟಿ ಎಂಬ ಕಾಲಮ್ಮಿನ 2005ನೆಯ ಸಾಲು! ಫೈಲನ್ನು ಹೊಸ ಮಾದರಿಗೆ ಬದಲಿಸುವಾಗ ಎಕ್ಸೆಲ್ ಆ ಹೆಸರಿನ ಮುಂದೆ ಒಂದು ಅಡಿಗೆರೆ ಸೇರಿಸಿ ಸೂತ್ರಗಳನ್ನೇನೋ ಸರಿಪಡಿಸುತ್ತದೆ. ಮ್ಯಾಕ್ರೊದೊಳಗೆ ಬರೆದ ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಮ್ಯಾಕ್ರೊ ಹೋಗಿ ಎಲ್ಲೋ ದೂರದ ಖಾಲಿ ಸೆಲ್ಲಿನ ಬಾಗಿಲು ತಟ್ಟಿ, ಅಲ್ಲಿಂದ ಸೊನ್ನೆ ತಂದು, ತೆರಿಗೆ ಸೊನ್ನೆ ಎಂದು ಲೆಕ್ಕ ಹಾಕುತ್ತದೆ. ಎಲ್ಲೂ ಒಂದು ಎಚ್ಚರಿಕೆಯೂ ಮೂಡದು.

ಪಿಟಿಆರ್‌ಸೇಫ್ ಎಂಬ ಪ್ರಮಾಣಪತ್ರ

ಬೆಂಗಳೂರಿನ ಸ್ಥಿರ ದೂರವಾಣಿ ಸಂಖ್ಯೆಗಳು ಏಳಂಕಿಯಿಂದ ಎಂಟಂಕಿಗೆ ಬಂದಾಗ ಏಳೇ ಚೌಕಗಳಿದ್ದ ಅರ್ಜಿ ನಮೂನೆಗಳೆಲ್ಲ ಹಳತಾದವು. 64 ಬಿಟ್ ಆಫೀಸ್ ಬಂದಾಗ ಆದದ್ದೂ ಅದೇ. ಕಂಪ್ಯೂಟರಿನ ಸ್ಮರಣೆಯಲ್ಲಿ ಯಾವ ವಸ್ತು ಎಲ್ಲಿದೆ ಎಂದು ತೋರಿಸುವ ವಿಳಾಸ 32 ಬಿಟ್‌ನಲ್ಲಿ ನಾಲ್ಕು ಬೈಟ್, 64 ಬಿಟ್‌ನಲ್ಲಿ ಎಂಟು. ಆಫೀಸ್ 2010ರಲ್ಲಿ ಮೊದಲ ಬಾರಿಗೆ 64 ಬಿಟ್ ರೂಪ ಬಂತು. 2019ರಿಂದ ಬೇರೆ ಕೇಳಿಕೊಳ್ಳದಿದ್ದರೆ ಅದೇ ಸ್ಥಾಪನೆಯಾಗುತ್ತದೆ. ಹೊಸ ಕಂಪ್ಯೂಟರ್ ಬಂದ ದಿನವೇ ಹಳೆಯ ಮ್ಯಾಕ್ರೊಗಳು ಸಾಲಾಗಿ ಮಲಗುವುದಕ್ಕೆ ದೊಡ್ಡ ಕಾರಣ ಇದು.

ಎಲ್ಲ ಮ್ಯಾಕ್ರೊಗಳಿಗೂ ಈ ತೊಂದರೆ ಇಲ್ಲ. ಎಕ್ಸೆಲ್‌ನ ಹೊರಗೆ ಕೈಚಾಚಿ ವಿಂಡೋಸ್‌ನಿಂದ ನೇರವಾಗಿ ಕೆಲಸ ಮಾಡಿಸಿಕೊಳ್ಳುವ, ‘ಡಿಕ್ಲೇರ್’ ಎಂಬ ಸಾಲಿರುವವಕ್ಕೆ ಮಾತ್ರ. ಅವನ್ನು ಪರಿಶೀಲಿಸಿ ‘ಪಿಟಿಆರ್‌ಸೇಫ್’ ಎಂಬ ಗುರುತು ಹಾಕಿ ಎಂದು ಎಕ್ಸೆಲ್ ಹೇಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಡಿಕ್ಲೇರ್ ಮುಂದೆಲ್ಲ ಆ ಪದ ಅಂಟಿಸಿದರೆ ಸಂದೇಶ ಮಾಯವಾಗುತ್ತದೆ. ಕೆಲಸ ಮುಗಿಯಿತು ಎನಿಸುತ್ತದೆ. ಆದರೆ ಪಿಟಿಆರ್‌ಸೇಫ್ ಏನನ್ನೂ ರಿಪೇರಿ ಮಾಡುವುದಿಲ್ಲ. ‘ನಾನು ನೋಡಿದ್ದೇನೆ, ಸರಿಯಾಗಿದೆ’ ಎಂದು ಬರೆದವರು ಹಾಕುವ ರುಜು ಅದು. ಕಾಗದ ಓದದೆ ರುಜು ಹಾಕಿದರೆ ಆಗುವುದೇ ಇಲ್ಲಿಯೂ ಆಗುತ್ತದೆ: ಎಂಟು ಬೈಟಿನ ವಿಳಾಸ ನಾಲ್ಕು ಬೈಟಿನ ಡಬ್ಬಿಯಲ್ಲಿ ಅರ್ಧ ಕತ್ತರಿಸಿಹೋಗಿ, ಒಂದು ದಿನ ಎಕ್ಸೆಲ್ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತದೆ.

ನಿಜವಾದ ತಿದ್ದುಪಡಿ ಒಂದೊಂದು ಅಂಕಿಯನ್ನೂ ‘ನೀನು ವಿಳಾಸವೋ, ಬರಿಯ ಮೊತ್ತವೋ’ ಎಂದು ಕೇಳುವುದು. ಕಿಟಕಿಯೊಂದನ್ನು ಹುಡುಕಿಕೊಡುವ ‘ಫೈಂಡ್‌ವಿಂಡೋ’ ಹಿಂದಿರುಗಿಸುವುದು ಕಿಟಕಿಯ ಗುರುತು. ಅದು ‘ಲಾಂಗ್‌ಪಿಟಿಆರ್’ ಆಗಬೇಕು. ಕೆಲ ಹೊತ್ತು ಕಾಯಿಸುವ ‘ಸ್ಲೀಪ್’ ತೆಗೆದುಕೊಳ್ಳುವುದು ಮಿಲಿಸೆಕೆಂಡುಗಳ ಲೆಕ್ಕ. ಅದು ‘ಲಾಂಗ್’ ಆಗಿಯೇ ಇರಬೇಕು. ಕಚೇರಿಯಲ್ಲಿ 2010ಕ್ಕಿಂತ ಹಿಂದಿನ ಆಫೀಸ್ ಇರುವ ಯಂತ್ರವೂ ಉಳಿದಿದ್ದರೆ ‘ವಿಬಿಎ7 ಆಗಿದ್ದರೆ ಇದು, ಇಲ್ಲವಾದರೆ ಅದು’ ಎಂದು ಎರಡೂ ರೂಪಗಳನ್ನು ಒಂದೇ ಫೈಲಿನಲ್ಲಿ ಇಡಬಹುದು.

ಕಾಣೆಯಾದವರು

ಕೆಲವು ಮ್ಯಾಕ್ರೊಗಳು ಕೆಡುವುದು ಅವು ನೆಚ್ಚಿಕೊಂಡಿದ್ದ ಸಹಾಯಕರು ಊರು ಬಿಟ್ಟದ್ದರಿಂದ. ಫೋಲ್ಡರುಗಳಲ್ಲಿ ಫೈಲು ಹುಡುಕಿಕೊಡುತ್ತಿದ್ದ ‘ಫೈಲ್‌ಸರ್ಚ್’ 2007ರಲ್ಲಿ ಹೋಯಿತು. ಮೆನುಗಳ ಜಾಗಕ್ಕೆ ರಿಬ್ಬನ್ ಬಂದಾಗ ಮ್ಯಾಕ್ರೊಗಳು ಕಟ್ಟಿದ್ದ ಮೆನುಗಳೆಲ್ಲ ‘ಆಡ್-ಇನ್ಸ್’ ಎಂಬ ಮೂಲೆಗೆ ಸರಿದವು. ದಿನಾಂಕ ಆರಿಸುವ ಕ್ಯಾಲೆಂಡರ್ ಪಟ್ಟಿ 2010ರ ಆಫೀಸಿನಲ್ಲಿ ಇಲ್ಲವಾಯಿತು. 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್ ನಿವೃತ್ತಿ ಹೊಂದಿತು. ಅದನ್ನು ತೆರೆದು ಜಾಲತಾಣಗಳಿಂದ ದರಪಟ್ಟಿ ಎಳೆದು ತರುತ್ತಿದ್ದ ಮ್ಯಾಕ್ರೊಗಳ ಕೈ ಬರಿದಾಯಿತು. ಮುಂದಿನ ಸರದಿ ವಿಬಿಸ್ಕ್ರಿಪ್ಟ್‌ನದು. ಅದನ್ನು ವಿಂಡೋಸ್‌ನಿಂದ ಹಂತಹಂತವಾಗಿ ತೆಗೆಯುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಘೋಷಿಸಿದೆ.

ಇಂಥ ಕಡೆ ಬರುವ ದೂರು ವಿಚಿತ್ರವಾಗಿರುತ್ತದೆ. ಕ್ಯಾಲೆಂಡರ್ ಕಾಣೆಯಾಗಿದ್ದರೆ ಎಕ್ಸೆಲ್ ಬೊಟ್ಟು ಮಾಡುವುದು ‘ಲೆಫ್ಟ್’, ‘ಡೇಟ್’, ‘ಫಾರ್ಮ್ಯಾಟ್’ನಂಥ ಪಾಪದ ಪದಗಳ ಕಡೆಗೆ, ‘ಪ್ರಾಜೆಕ್ಟ್ ಅಥವಾ ಲೈಬ್ರರಿ ಸಿಗುತ್ತಿಲ್ಲ’ ಎಂದು. ಆ ಪದದಲ್ಲಿ ತಪ್ಪು ಹುಡುಕುತ್ತ ಇಡೀ ದಿನ ಕಳೆದವರಿದ್ದಾರೆ. ಅಸಲು ಕಳ್ಳ ಸಿಗುವುದು ವಿಬಿಎ ಬರೆಯುವ ಕಿಟಕಿಯ ‘ಟೂಲ್ಸ್’ ಮೆನುವಿನ ‘ರೆಫರೆನ್ಸಸ್’ ಪಟ್ಟಿಯಲ್ಲಿ. ಅಲ್ಲಿ ‘ಮಿಸ್ಸಿಂಗ್’ ಎಂದು ಬರೆದ ಸಾಲಿನ ಮುಂದಿನ ಗುರುತನ್ನು ತೆಗೆದು, ಅದಕ್ಕೆ ಬದಲಿ ವ್ಯವಸ್ಥೆ ಮಾಡಬೇಕು.

ನಂಬಿಕೆ ಕಳೆದುಕೊಂಡ ಬಟನ್

ಕೋಡ್ ಸರಿಯಾಗಿದ್ದೂ ಓಡದ ಮ್ಯಾಕ್ರೊಗಳಿವೆ. ಅದಕ್ಕೆ ಕಾರಣ ಅವುಗಳ ಜಾತಿಯ ಹಳೆಯ ಅಪಕೀರ್ತಿ. 1995ರಲ್ಲಿ ವರ್ಡ್‌ಗೆ ‘ಕಾನ್ಸೆಪ್ಟ್’, 1996ರಲ್ಲಿ ಎಕ್ಸೆಲ್‌ಗೆ ‘ಲಾರೂ’ ಎಂಬ ಮ್ಯಾಕ್ರೊ ವೈರಸ್‌ಗಳು ಬಂದವು. 1999ರ ಮಾರ್ಚಿನಲ್ಲಿ ‘ಮೆಲಿಸ್ಸಾ’ ಇಮೇಲ್ ಏರಿ ಜಗತ್ತು ಸುತ್ತಿತು. ಆಮೇಲೆ ಪ್ರತಿ ಆವೃತ್ತಿಯಲ್ಲೂ ಬಾಗಿಲಿಗೆ ಒಂದೊಂದು ಚಿಲಕ ಸೇರಿತು. 2007ರಲ್ಲಿ ಮ್ಯಾಕ್ರೊ ಇರುವ ಫೈಲಿಗೆ ‘ಎಕ್ಸ್‌ಎಲ್‌ಎಸ್‌ಎಂ’ ಎಂಬ ಬೇರೆಯೇ ಹಣೆಪಟ್ಟಿ ಬಂತು. ಎಚ್ಚರಿಕೆಯನ್ನು ಓದದೆ ಸಾಮಾನ್ಯ ‘ಎಕ್ಸ್‌ಎಲ್‌ಎಸ್‌ಎಕ್ಸ್’ ಆಗಿ ಉಳಿಸಿ, ವರ್ಷಗಳ ಮ್ಯಾಕ್ರೊವನ್ನು ಒಂದೇ ಕ್ಲಿಕ್ಕಿಗೆ ಕಳೆದುಕೊಳ್ಳುವುದು ಇಂದಿಗೂ ನಡೆದೇ ಇದೆ. 2022ರಿಂದ ಅಂತರ್ಜಾಲದಿಂದ ಇಳಿಸಿಕೊಂಡ ಫೈಲುಗಳ ಮ್ಯಾಕ್ರೊಗಳನ್ನು ಆಫೀಸ್ ನೇರವಾಗಿ ತಡೆಯುತ್ತದೆ. ಮೊದಲಿನ ಹಳದಿ ಪಟ್ಟಿಯಲ್ಲಿ ‘ಎನೇಬಲ್’ ಎಂಬ ಬಟನ್ ಇತ್ತು. ಈಗಿನ ಕೆಂಪು ಪಟ್ಟಿಯಲ್ಲಿ ಅದೂ ಇಲ್ಲ.

ಆದಾಯ ತೆರಿಗೆ ರಿಟರ್ನ್ ತುಂಬಲು ಇಲಾಖೆಯ ಎಕ್ಸೆಲ್ ಯುಟಿಲಿಟಿ ಇಳಿಸಿಕೊಂಡವರಿಗೆ ಈ ಅನುಭವ ಆಗಿರಬಹುದು. ಆ ಫೈಲು ನಡೆಯುವುದೇ ಮ್ಯಾಕ್ರೊಗಳಿಂದ. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ನಲ್ಲಿ ‘ಅನ್‌ಬ್ಲಾಕ್’ಗೆ ಗುರುತು ಹಾಕಿದರೆ ಬಾಗಿಲು ತೆರೆಯುತ್ತದೆ, ಆದರೆ ಅಧಿಕೃತ ತಾಣದಿಂದಲೇ ಬಂದ ಫೈಲು ಎಂಬುದು ಖಚಿತವಿದ್ದಾಗ ಮಾತ್ರ ಹಾಗೆ ಮಾಡಬೇಕು. ಕಚೇರಿಯ ಸ್ವಂತ ಮ್ಯಾಕ್ರೊಗಳಿಗೆ ಡಿಜಿಟಲ್ ಸಹಿ ಹಾಕುವುದು, ಇಲ್ಲವೇ ಒಂದು ನಿರ್ದಿಷ್ಟ ಫೋಲ್ಡರನ್ನು ‘ವಿಶ್ವಾಸಾರ್ಹ ಜಾಗ’ ಎಂದು ಎಕ್ಸೆಲ್‌ಗೆ ತಿಳಿಸುವುದು ಮೇಲು. ಬೇಸತ್ತು ಎಲ್ಲ ಮ್ಯಾಕ್ರೊಗಳಿಗೂ ಅನುಮತಿ ಕೊಟ್ಟುಬಿಡುವುದು ಮನೆಯ ಕದವನ್ನೇ ಕಿತ್ತಿಟ್ಟಂತೆ.

ನುಡಿಯಿಂದ ಯೂನಿಕೋಡಿಗೆ

ಕನ್ನಡದಲ್ಲಿ ಲೆಕ್ಕ ಇಟ್ಟವರಿಗೆ ಇವೆಲ್ಲದರ ಮೇಲೆ ಇನ್ನೊಂದು ಹೊರೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಕನ್ನಡ ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಸಂಕೇತಗಳು ಕನ್ನಡದ ವೇಷ ತೊಟ್ಟಿರುತ್ತವೆ. ಫಾಂಟ್ ಬದಲಾದರೆ ವೇಷ ಕಳಚುತ್ತದೆ. ಮ್ಯಾಕ್ರೊಗಳ ಪಾಲಿಗೆ ಈ ವೇಷ ಅನುಕೂಲವೇ ಆಗಿತ್ತು. ವಿಬಿಎ ಬರೆಯುವ ಕಿಟಕಿಗೆ ಯೂನಿಕೋಡ್ ಬಾರದು. ವಿಂಡೋಸ್‌ನ ಹಳೆಯ ಸಂಕೇತ ಪಟ್ಟಿಗಳನ್ನೇ ಅದು ನಂಬಿಕೊಂಡಿದೆ, ಮತ್ತು ಅಂಥ ಪಟ್ಟಿ ಕನ್ನಡಕ್ಕೆ ಇರಲೇ ಇಲ್ಲ. ಹಾಗಾಗಿ ನುಡಿಯ ‘ಜನವರಿ’ ಮ್ಯಾಕ್ರೊದೊಳಗೆ ಅರ್ಥವಾಗದ ಅಕ್ಷರಗಳಾಗಿ ಕಂಡರೂ ಶೀಟಿಗೆ ಬಂದಾಗ ಸರಿಯಾಗಿಯೇ ಮೂಡುತ್ತಿತ್ತು. ಯೂನಿಕೋಡ್ ಕನ್ನಡವನ್ನು ಅಲ್ಲಿ ಅಂಟಿಸಿದರೆ ಉಳಿಯುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

ಶೀಟಿನಲ್ಲಿರುವ ಕನ್ನಡವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದು, ಮ್ಯಾಕ್ರೊವನ್ನು ಮರೆತವರಿಗೆ ಕಾದಿರುವುದು ಮೌನದ ತಪ್ಪು. ಮ್ಯಾಕ್ರೊ ಹುಡುಕುವುದು ನುಡಿಯ ‘ಜನವರಿ’ಯನ್ನು, ಸೆಲ್ಲಿನಲ್ಲಿರುವುದು ಯೂನಿಕೋಡ್ ‘ಜನವರಿ’. ಎರಡೂ ಓದುಗರ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಅಪರಿಚಿತರು. ಹೋಲಿಕೆ ಆಗದ ಸಾಲನ್ನು ಮ್ಯಾಕ್ರೊ ಸುಮ್ಮನೆ ದಾಟಿಹೋಗುತ್ತದೆ; ಜನವರಿಯ ಮೊತ್ತ ಸೊನ್ನೆಯಾಗುತ್ತದೆ.

ಇದಕ್ಕೆ ಎರಡು ದಾರಿ. ಅಕ್ಷರದ ಬದಲು ಅದರ ಸಂಖ್ಯೆ ಬರೆಯುವುದು ಒಂದು. ಯೂನಿಕೋಡಿನಲ್ಲಿ ‘ಕ’ ಎಂದರೆ 3221; ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ ಒತ್ತಕ್ಷರದ ಕೊಂಡಿಯೂ ಸೇರಿ ಐದು ಸಂಖ್ಯೆ ಬೇಕು. ಹೀಗಾಗಿ ‘ಮೊದಲ ಎರಡು ಅಕ್ಷರ ಕತ್ತರಿಸು’ ಎಂಬಂಥ ಹಳೆಯ ಸಾಲುಗಳನ್ನೂ ಮತ್ತೆ ನೋಡಬೇಕು. ಇನ್ನೊಂದು ದಾರಿ ಇನ್ನೂ ಸುಲಭ: ಬೇಕಾದ ಕನ್ನಡ ಪದಗಳನ್ನೆಲ್ಲ ಒಂದು ಮರೆಯ ಶೀಟಿನಲ್ಲಿ ಬರೆದಿಟ್ಟು, ಮ್ಯಾಕ್ರೊ ಅಲ್ಲಿಂದ ಓದಿಕೊಳ್ಳುವಂತೆ ಮಾಡುವುದು. ರೂಪಾಯಿ ಚಿಹ್ನೆಗೂ ಇದೇ ಉಪಾಯ. 2010ರಲ್ಲಿ ಆ ಚಿಹ್ನೆ ಬಂದ ಹೊಸತರಲ್ಲಿ, ಕೀಲಿಮಣೆಯ ಎಡ ಮೂಲೆಯ ಓರೆಗೆರೆಯನ್ನೇ ರೂಪಾಯಿಯಾಗಿ ತೋರಿಸುವ ಫಾಂಟ್ ಹರಿದಾಡಿತ್ತು. ಆ ಕಾಲದ ಬಿಲ್ಲುಗಳನ್ನು ಈಗ ತೆರೆದರೆ ಮೊತ್ತದ ಹಿಂದೆ ಬರಿಯ ಓರೆಗೆರೆ ಕಾಣುತ್ತದೆ. ನಿಜವಾದ ರೂಪಾಯಿಯ ಯೂನಿಕೋಡ್ ಸಂಖ್ಯೆ 8377.

ಎರಡು ಹಾಳೆ, ಒಂದು ಲೆಕ್ಕ

ತಿದ್ದಲು ಕೂರುವವರು ಮೊದಲು ಮಾಡಬೇಕಾದದ್ದು ಮೂಲ ಫೈಲಿನ ಪ್ರತಿ ತೆಗೆದು, ಮೂಲವನ್ನು ಮುಟ್ಟದಿರುವುದು. ಬಳಿಕ ಪ್ರತಿ ಮಾಡ್ಯೂಲಿನ ತಲೆಯಲ್ಲಿ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಎಂದು ಬರೆದು ‘ಡೀಬಗ್’ ಮೆನುವಿನ ‘ಕಂಪೈಲ್’ ಒತ್ತಿದರೆ, ಓಡಿಸದೆಯೇ ಅರ್ಧದಷ್ಟು ತೊಡಕುಗಳು ಹೊರಬರುತ್ತವೆ. 65536, ಡಿಕ್ಲೇರ್, ಫೈಲ್‌ಸರ್ಚ್ ಎಂಬ ಪದಗಳಿಗಾಗಿ ಹುಡುಕಿದರೆ ಇನ್ನಷ್ಟು. ‘ತಪ್ಪು ಬಂದರೂ ಮುಂದೆ ಸಾಗು’ ಎಂದು ಹೇಳುವ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಕಂಡಲ್ಲಿ ನಿಲ್ಲಬೇಕು. ಕೂಗಬೇಕಾದ ಮ್ಯಾಕ್ರೊದ ಬಾಯಿಗೆ ಬಟ್ಟೆ ತುರುಕಿರುವುದು ಅದೇ ಸಾಲು.

ದಿನಾಂಕಗಳ ಮೇಲೆ ವಿಶೇಷ ಕಣ್ಣಿಡಬೇಕು. ಹೊಸ ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿ ಹೊಂದಿಸಿ ಬಂದಿದ್ದರೆ, 05/04/2024 ಎಂಬ ಪಠ್ಯ ಮ್ಯಾಕ್ರೊಗೆ ಏಪ್ರಿಲ್ 5 ಅಲ್ಲ, ಮೇ 4. ಅದೇ 13/04/2024 ಎಂದಿದ್ದರೆ ಹದಿಮೂರನೆಯ ತಿಂಗಳಿಲ್ಲದ ಕಾರಣ ಅದನ್ನು ಏಪ್ರಿಲ್ 13 ಎಂದೇ ಓದುತ್ತದೆ. ಒಂದೇ ಪಟ್ಟಿಯಲ್ಲಿ ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ತಲೆಕೆಳಗು, ಉಳಿದವು ಸರಿ. ಕಣ್ಣಾಡಿಸಿದಾಗ ಸರಿಯಾದವೇ ಕಣ್ಣಿಗೆ ಬಿದ್ದು ನೆಮ್ಮದಿಯಾಗುವುದೂ ಉಂಟು. ದಿನ, ತಿಂಗಳು, ವರ್ಷವನ್ನು ಬಿಡಿಬಿಡಿಯಾಗಿ ತೆಗೆದು ‘ಡೇಟ್‌ಸೀರಿಯಲ್’ನಿಂದ ಜೋಡಿಸಿದರೆ ಯಂತ್ರದ ಪದ್ಧತಿ ಏನಿದ್ದರೂ ಉತ್ತರ ಒಂದೇ.

ಎಲ್ಲ ಮ್ಯಾಕ್ರೊಗಳನ್ನೂ ಉಳಿಸಿಕೊಳ್ಳಲೇಬೇಕೆಂದಿಲ್ಲ. ಹತ್ತು ಫೈಲುಗಳನ್ನು ಕೂಡಿಸಿ ಒಂದು ಮಾಡುವಂಥ ಕೆಲಸವನ್ನು ಎಕ್ಸೆಲ್ 2016ರಿಂದ ಒಳಗೇ ಇರುವ ಪವರ್ ಕ್ವೆರಿ ಒಂದು ಸಾಲು ಕೋಡ್ ಬರೆಯದೆ ಮಾಡುತ್ತದೆ. ಬ್ರೌಸರಿನಲ್ಲಿ ತೆರೆಯುವ ಎಕ್ಸೆಲ್‌ನಲ್ಲಿ ವಿಬಿಎ ಓಡುವುದೇ ಇಲ್ಲ. ಅಲ್ಲಿಗೆ ಆಫೀಸ್ ಸ್ಕ್ರಿಪ್ಟ್ಸ್, ಗೂಗಲ್ ಶೀಟ್ಸ್‌ಗೆ ಆಪ್ಸ್ ಸ್ಕ್ರಿಪ್ಟ್ ಬೇಕು. ಖರ್ಚಿಲ್ಲದ ಲಿಬ್ರೆಆಫೀಸ್ ಹಲವು ವಿಬಿಎ ಮ್ಯಾಕ್ರೊಗಳನ್ನು ಹಾಗೆಯೇ ಓಡಿಸಬಲ್ಲದು, ಆದರೆ ಅದರ ಸ್ವಂತ ಶೈಲಿಯೇ ಬೇರೆ. ವಿಬಿಎ ‘2, 3’ ಎಂದರೆ ಎರಡನೆಯ ಸಾಲು, ಮೂರನೆಯ ಕಾಲಂ. ಲಿಬ್ರೆಆಫೀಸ್‌ನ ಸ್ವಂತ ಪದ್ಧತಿಯಲ್ಲಿ ಕಾಲಂ ಮೊದಲು, ಎಣಿಕೆ ಸೊನ್ನೆಯಿಂದ. ಅದೇ ಸೆಲ್ಲಿಗೆ ಅಲ್ಲಿ ‘2, 1’ ಎನ್ನಬೇಕು.

ದಾರಿ ಯಾವುದೇ ಆಗಲಿ, ಕೊನೆಯ ಪರೀಕ್ಷೆ ಲೆಕ್ಕಿಗರಿಗೆ ಹೊಸದಲ್ಲ. ಎರಡು ಮೂರು ತಿಂಗಳು ಹಳೆಯದೂ ಹೊಸದೂ ಜೊತೆಜೊತೆಗೆ ನಡೆಯಬೇಕು. ಒಂದೇ ಮಾಹಿತಿಗೆ ಎರಡರ ಸಾಲುಗಳ ಸಂಖ್ಯೆ ಮತ್ತು ಒಟ್ಟು ಮೊತ್ತ ತಾಳೆಯಾಗಬೇಕು. ಇಂಗ್ಲೆಂಡಿನ ಫೈಲುಗಳಲ್ಲಿ ಬಂದ ಸಾಲೆಷ್ಟು, ಹೋದ ಸಾಲೆಷ್ಟು ಎಂಬ ಒಂದೇ ತಾಳೆ ಇದ್ದಿದ್ದರೆ ಮೊದಲ ದಿನವೇ ಕೊರತೆ ಕಾಣುತ್ತಿತ್ತು.

ತಾಳೆ ನೋಡುವವರಿಗೆ ಒಂದು ಸಣ್ಣ ಪ್ರಯೋಗ. ಎಕ್ಸೆಲ್‌ನ ಸೆಲ್ಲಿನಲ್ಲಿ 60 ಎಂದು ಬರೆದು ದಿನಾಂಕವಾಗಿ ತೋರಿಸಲು ಹೇಳಿದರೆ 1900ರ ಫೆಬ್ರವರಿ 29 ಎನ್ನುತ್ತದೆ. ಅಂಥ ದಿನ ಇರಲೇ ಇಲ್ಲ, 1900 ಅಧಿಕ ವರ್ಷವಲ್ಲ. ಅದು ಲೋಟಸ್ 1-2-3ರ ತಪ್ಪು. ಲೋಟಸ್‌ನ ಫೈಲುಗಳು ಲೆಕ್ಕ ತಪ್ಪದೆ ತೆರೆದುಕೊಳ್ಳಲಿ ಎಂದು ಎಕ್ಸೆಲ್ ಅದನ್ನು ಬೇಕೆಂದೇ ಉಳಿಸಿಕೊಂಡಿತು. ಅದೇ 60ನ್ನು ಅದೇ ಫೈಲಿನ ವಿಬಿಎ ಮ್ಯಾಕ್ರೊಗೆ ಕೊಟ್ಟರೆ ಫೆಬ್ರವರಿ 28 ಎನ್ನುತ್ತದೆ. 61ಕ್ಕೆ ಇಬ್ಬರೂ ಮಾರ್ಚ್ 1 ಎಂದು ಒಪ್ಪುತ್ತಾರೆ.